ಇನ್ಸುಲಿನ್: ಬೆಲೆ ಎಷ್ಟು, ಗುಣ ಎಷ್ಟು?

ಸಕ್ಕರೆ ಖಾಯಿಲೆ ಇಂದು ಪಟ್ಟಣದವರ ಸೊತ್ತಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಖಾಯಿಲೆಯಿದೆ. ತೋಟ ಸುತ್ತುವವರಿಗೆ, ಮೈಮುರಿದು ದುಡಿಯುವವರಿಗೆ ಇದು ಬಾರದೆಂಬ ನಂಬಿಕೆಯನ್ನು ನಾವು ಬಿಡಬೇಕಾಗಿದೆ. ಸಂಘದ ಸದಸ್ಯರ ಮನೆಗಳಲ್ಲಿ ಗೊಬ್ಬರದ ಲೆಕ್ಕದ ಪಕ್ಕದಲ್ಲಿಯೇ ಈಗ ಔಷಧಿಯ ಲೆಕ್ಕವೂ ಬರೆಯಲ್ಪಡುತ್ತಿದೆ.

ಇನ್ನೊಂದು ಸಂಗತಿಯನ್ನೂ ನಾವು ಗಮನಿಸುತ್ತಾ ಬಂದಿದ್ದೇವೆ. ನಮ್ಮಲ್ಲಿ ಅನೇಕರ ಮಕ್ಕಳು ಉದ್ಯೋಗ ನಿಮಿತ್ತ ಬೆಂಗಳೂರು ಸೇರಿ, ಮಾಗಡಿ ರಸ್ತೆಯ ಹೇರೋಹಳ್ಳಿ, ಸುಂಕದಕಟ್ಟೆ, ಇತ್ತ ವಿಜಯನಗರ, ಕೆಂಗೇರಿ ಮುಂತಾದೆಡೆ ಮನೆ ಮಾಡಿದ್ದಾರೆ. ಕೊಯ್ಲು ಮುಗಿಸಿದ ಹಿರಿಯರು ಒಂದೆರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುತ್ತಾರೆ. ಮಗನೋ ಸೊಸೆಯೋ ಹತ್ತಿರದ ವೈದ್ಯರಿಗೆ ತೋರಿಸುತ್ತಾರೆ. ಊರಿನಿಂದ ಸೀಸೆ ಮತ್ತು ಸಿರಿಂಜ್ ಹಿಡಿದು ಹೋದವರು ಬರುವಾಗ ಪೆನ್ನು ಹಿಡಿದು ಬರುತ್ತಾರೆ. ಹೇರೋಹಳ್ಳಿಯಲ್ಲಿ ಮಗ ಹಣ ಕೊಟ್ಟು ತಂದದ್ದು ಮುಗಿಯುವವರೆಗೆ ಚಿಂತೆಯಿಲ್ಲ. ಮುಗಿದ ಮೇಲೆ ಊರಿನ ಔಷಧಿ ಅಂಗಡಿಯಲ್ಲಿ ಅದು ಇಲ್ಲ, ಇದ್ದರೂ ಬೆಲೆ ಕೇಳಿ ಕೈ ಹಿಂದಕ್ಕೆ ಬರುತ್ತದೆ. ಆಗ ಕೆಲವರು ಎರಡು ದಿನಕ್ಕೊಮ್ಮೆ ಚುಚ್ಚಿಕೊಳ್ಳುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ, ಮತ್ತೆ ಕೆಲವರು ಹಳೆಯ ಸೀಸೆಯನ್ನು ತಾವಾಗಿಯೇ ಪುನಃ ಆರಂಭಿಸುತ್ತಾರೆ. ಈ ಮೂರೂ ಅಪಾಯವೇ.

ಆದುದರಿಂದ ಎರಡನೇ ಬಗೆಯ, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಹಣಕ್ಕೆ ತಕ್ಕ ಗುಣ ಎಲ್ಲಿದೆಯೆಂದು ತಿಳಿದಿರುವುದು ಅಗತ್ಯ. ಹುಟ್ಟಿನಿಂದಲೋ ಎಳವೆಯಿಂದಲೋ ಇನ್ಸುಲಿನ್ನನ್ನೇ ನೆಚ್ಚಿರುವ ಟೈಪ್ 1 ರೋಗಿಗಳಿಗೆ ಈ ಲೇಖನದ ಮಾತು ಅನ್ವಯಿಸುವುದಿಲ್ಲ. ಮಾತ್ರೆಯಲ್ಲಿಯೇ ಹತೋಟಿಯಲ್ಲಿರುವವರೂ ಇದನ್ನು ಓದಿ ಇನ್ಸುಲಿನ್ನಿಗೆ ಧಾವಿಸಬೇಕಾಗಿಲ್ಲ.

ಬಗೆಗಳು ಯಾವುವು?

ಇನ್ಸುಲಿನ್ ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ರಸ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಬಾರಿಗೆ ಚುಚ್ಚಲಾಯಿತು. ಅದರ ಹಕ್ಕುಪತ್ರವನ್ನು ಶೋಧಕರು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಅಂದು ದನ ಮತ್ತು ಹಂದಿಯ ಗ್ರಂಥಿಯಿಂದ ಇನ್ಸುಲಿನ್ ತೆಗೆಯುತ್ತಿದ್ದರು. 1982ರಿಂದ ಮನುಷ್ಯರ ಇನ್ಸುಲಿನ್ನನ್ನೇ ಸೂಕ್ಷ್ಮಜೀವಿಗಳಿಂದ ಮಾಡಿಸಿ ಮಾರುವ ವಿಧಾನ ಬಂತು. ಇದನ್ನೇ ಹ್ಯೂಮನ್ ಇನ್ಸುಲಿನ್ ಎನ್ನುವುದು.

ಹ್ಯೂಮನ್ ಇನ್ಸುಲಿನ್ನಿನಲ್ಲಿ ಮುಖ್ಯವಾಗಿ ಮೂರು ತರ. ಒಂದು, ತಿಳಿನೀರಿನಂತಿರುವ ರೆಗ್ಯುಲರ್. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚತಕ್ಕದ್ದು. ಎರಡು, ಹಾಲಿನಂತೆ ಮಸುಕಾಗಿರುವ ಎನ್‌ಪಿಎಚ್. ಡೆನ್ಮಾರ್ಕಿನ ಹ್ಯಾಗೆಡೋರ್ನ್ ಅವರ ಪ್ರಯೋಗಶಾಲೆಯಿಂದ 1946ರಲ್ಲಿ ಬಂದದ್ದು, ನಿಧಾನವಾಗಿ ಇಳಿದು ಅರ್ಧ ದಿನದ ಮೇಲೆ ಕೆಲಸ ಮಾಡುತ್ತದೆ. ಮೂರು, ಮೊದಲನೆಯದು 30 ಭಾಗ, ಎರಡನೆಯದು 70 ಭಾಗ ಬೆರೆಸಿದ 30/70. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಇದೇ; ಮಿಕ್ಸ್‌ಟಾರ್ಡ್, ಇನ್ಸುಜೆನ್, ಹ್ಯೂಮಿನ್ಸುಲಿನ್ ಎಂಬ ಹೆಸರುಗಳನ್ನು ಸದಸ್ಯರು ಕೇಳಿಯೇ ಇರುತ್ತಾರೆ.

ಇದರ ನಂತರ ಬಂದವು ಅನಲಾಗ್ ಇನ್ಸುಲಿನ್ನುಗಳು. ಮೂಲ ಇನ್ಸುಲಿನ್ನಿನ ರಚನೆಯಲ್ಲಿ ಅಲ್ಪ ಬದಲಾವಣೆ ಮಾಡಿ, ಕೆಲವನ್ನು ಬೇಗ ಕೆಲಸಕ್ಕೆ ತೊಡಗುವಂತೆಯೂ ಕೆಲವನ್ನು ಇಡೀ ದಿನ ನಿಲ್ಲುವಂತೆಯೂ ಮಾಡಲಾಗಿದೆ. ಲಿಸ್‌ಪ್ರೋ, ಆಸ್ಪಾರ್ಟ್ ಬೇಗ ತೊಡಗುವಂಥವು. ಊಟಕ್ಕೆ ಕೂರುವ ಹೊತ್ತಿನಲ್ಲಿ ಚುಚ್ಚಬಹುದು. ಗ್ಲಾರ್ಜಿನ್ ಸುಮಾರು 24 ಗಂಟೆ ನಿಲ್ಲುತ್ತದೆ. ಡೆಗ್ಲುಡೆಕ್ ಅದಕ್ಕಿಂತಲೂ ಹೆಚ್ಚು. ನೀರಿನಲ್ಲಿ ಒಮ್ಮೆಲೇ ಕರಗುವ ಗೊಬ್ಬರಕ್ಕೂ ಮಣ್ಣಿನಲ್ಲಿ ಮೆಲ್ಲನೆ ಬಿಟ್ಟುಕೊಡುವ ಗೊಬ್ಬರಕ್ಕೂ ಇರುವ ವ್ಯತ್ಯಾಸದಂತೆಯೇ ಇದು. ಎನ್‌ಪಿಎಚ್ ಚುಚ್ಚಿದ ಕೆಲವು ಗಂಟೆಗಳ ಬಳಿಕ ಅದರ ಬಲ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಗ್ಲಾರ್ಜಿನ್‌ನಲ್ಲಿ ಆ ಏರಿಳಿತ ಕಡಿಮೆ. ಮುಖ್ಯ ವ್ಯತ್ಯಾಸ ಇಷ್ಟೇ.

ನಮ್ಮ ರಾಜ್ಯದ್ದೇ ತಯಾರಿಕೆ

ಅಗ್ಗದ ಇನ್ಸುಲಿನ್ ಎಂದರೆ ಕಳಪೆ ಎಂಬ ಭಾವನೆ ಹಲವರಲ್ಲಿದೆ. ಇದನ್ನು ತಿದ್ದಿಕೊಳ್ಳಲು ಬೆಂಗಳೂರಿನದೇ ಉದಾಹರಣೆ ಸಾಕು. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆ ಮೊದಮೊದಲು ತಯಾರಿಸಿದ ವಸ್ತುಗಳಲ್ಲಿ ಪರಂಗಿ ಹಾಲಿನಿಂದ ತೆಗೆಯುವ ಪಪೇನ್ ಒಂದು. ಅದೇ ಸಂಸ್ಥೆ 2004ರಲ್ಲಿ ಯೀಸ್ಟ್ ಜೀವಿಯಿಂದ ಮಾಡಿಸಿದ ಹ್ಯೂಮನ್ ಇನ್ಸುಲಿನ್ನನ್ನು ಇನ್ಸುಜೆನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 2009ರಲ್ಲಿ ಬೇಸಲಾಗ್ ಎಂಬ ಹೆಸರಿನಲ್ಲಿ ಗ್ಲಾರ್ಜಿನ್ ತಂದಿತು. ಈ ಸಂಸ್ಥೆ ಅಭಿವೃದ್ಧಿಪಡಿಸಿದ ಗ್ಲಾರ್ಜಿನ್ನನ್ನು ಮೂಲ ಕಂಪನಿಯ ಲ್ಯಾಂಟಸ್‌ಗೆ ಬದಲಾಗಿ ಕೊಡಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯೇ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಪರದೇಶದ ಹೆಸರಿದ್ದರೇ ಗುಣ ಹೆಚ್ಚೆಂಬ ಮಾತಿಗೆ ಆಧಾರವಿಲ್ಲ.

ಬೆಲೆಯ ಲೆಕ್ಕ ಹಾಕುವ ಬಗೆ

ಯೂರಿಯಾದಲ್ಲಿ ಶೇ. 46 ಸಾರಜನಕ, ಅಮೋನಿಯಂ ಸಲ್ಫೇಟಿನಲ್ಲಿ ಶೇ. 20ರ ಆಸುಪಾಸು. ಚೀಲದ ಬೆಲೆ ನೋಡಿ ಯಾವುದು ಅಗ್ಗವೆಂದು ಹೇಳಲಾಗದು. ಸಾರಜನಕದ ಕಿಲೋ ಒಂದಕ್ಕೆ ಎಷ್ಟು ಬಿತ್ತೆಂದು ನೋಡುತ್ತೇವೆ. ಇನ್ಸುಲಿನ್ನಿಗೂ ಇದೇ ರೀತಿ. ಸೀಸೆಯ ಬೆಲೆಯನ್ನಲ್ಲ, ಯೂನಿಟ್ ಒಂದರ ಬೆಲೆಯನ್ನು ನೋಡಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹ್ಯೂಮನ್ ಇನ್ಸುಲಿನ್ ಸೀಸೆ 10 ಮಿಲಿಯದು. ಮಿಲಿಗೆ 40 ಯೂನಿಟ್. ಒಟ್ಟು 400 ಯೂನಿಟ್. ಪೆನ್ನಿಗೆ ಹಾಕುವ ಕಾರ್ಟ್ರಿಜ್ 3 ಮಿಲಿಯದು. ಮಿಲಿಗೆ 100 ಯೂನಿಟ್. ಒಟ್ಟು 300 ಯೂನಿಟ್. ಕಾರ್ಟ್ರಿಜ್ ಚಿಕ್ಕದಾಗಿ ಕಂಡರೂ ಅದರಲ್ಲಿ ಔಷಧಿ ತೀರಾ ಕಡಿಮೆಯೇನಿಲ್ಲ.

ಬೆಲೆ ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಲೆಕ್ಕದ ರೀತಿಯನ್ನು ತೋರಿಸಲಿಕ್ಕಾಗಿ ಮಾತ್ರ ಒಂದೆರಡು ಅಂಕಿಗಳನ್ನು ಹಿಡಿಯೋಣ; ಸದಸ್ಯರು ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ಹಾಕಿ ತಮ್ಮ ಲೆಕ್ಕ ಮಾಡಿಕೊಳ್ಳಬೇಕು. ಹ್ಯೂಮನ್ ಇನ್ಸುಲಿನ್ ಸೀಸೆಗೆ ರೂ. 150 ಎಂದಿಟ್ಟುಕೊಂಡರೆ ಯೂನಿಟ್ಟಿಗೆ ಮೂವತ್ತೇಳೂವರೆ ಪೈಸೆ ಬೀಳುತ್ತದೆ. ಗ್ಲಾರ್ಜಿನ್ ಕಾರ್ಟ್ರಿಜ್ಜಿಗೆ ರೂ. 600 ಎಂದಿಟ್ಟುಕೊಂಡರೆ ಯೂನಿಟ್ಟಿಗೆ 2 ರೂಪಾಯಿ. ದಿನಕ್ಕೆ 30 ಯೂನಿಟ್ ಬೇಕಾದವರಿಗೆ ತಿಂಗಳಿಗೆ 900 ಯೂನಿಟ್. ಮೊದಲನೆಯದರಲ್ಲಿ ತಿಂಗಳ ಖರ್ಚು ರೂ. 337-50, ಎರಡನೆಯದರಲ್ಲಿ ರೂ. 1,800. ವರ್ಷಕ್ಕೆ ವ್ಯತ್ಯಾಸ ರೂ. 17,550. ಒಂದೆರಡು ಎಕರೆ ತೋಟವುಳ್ಳವರಿಗೆ ಇದು ಸಣ್ಣ ಮೊತ್ತವಲ್ಲ. ಇದರ ಮೇಲೆ ಸಿರಿಂಜಿನ ಅಥವಾ ಪೆನ್ ಸೂಜಿಯ ಖರ್ಚು ಬೇರೆ.

ಇಲ್ಲಿ ಮರೆಯುವ ವಿಷಯ ಒಂದಿದೆ. ಬಳಸಲು ಆರಂಭಿಸಿದ ಸೀಸೆಯನ್ನು ಸುಮಾರು ನಾಲ್ಕು ವಾರಗಳಾದ ಮೇಲೆ ಇಟ್ಟುಕೊಳ್ಳಕೂಡದು. ದಿನಕ್ಕೆ 10 ಯೂನಿಟ್ ಮಾತ್ರ ತೆಗೆದುಕೊಳ್ಳುವವರು 28 ದಿನಗಳಲ್ಲಿ 280 ಯೂನಿಟ್ ಬಳಸಿ ಮಿಕ್ಕ 120ನ್ನು ಚೆಲ್ಲಬೇಕಾಗುತ್ತದೆ. ಅವರಿಗೆ ಯೂನಿಟ್ಟಿನ ನಿಜವಾದ ಬೆಲೆ ಮೂವತ್ತೇಳೂವರೆ ಪೈಸೆಯಲ್ಲ, 54 ಪೈಸೆಯ ಹತ್ತಿರ. ಹೀಗಿದ್ದೂ ಅದು ಕಾರ್ಟ್ರಿಜ್ಜಿಗಿಂತ ಅಗ್ಗವೇ.

ಪೆನ್ ಬೇರೆ, ಇನ್ಸುಲಿನ್ ಬೇರೆ ಎಂಬುದನ್ನೂ ತಿಳಿಯಬೇಕು. ಪೆನ್ ಒಂದು ಸಾಧನ ಮಾತ್ರ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಅದು ಅನುಕೂಲವೇ ಸರಿ. ಆದರೆ ಪೆನ್ನಿನಲ್ಲಿ ಬಂದ ಮಾತ್ರಕ್ಕೆ ಇನ್ಸುಲಿನ್ನಿನ ಗುಣ ಹೆಚ್ಚುವುದಿಲ್ಲ.

ಗುಣದಲ್ಲಿ ವ್ಯತ್ಯಾಸವೆಷ್ಟು?

ನಾಲ್ಕೈದು ಪಟ್ಟು ಬೆಲೆ ಕೊಟ್ಟವನಿಗೆ ನಾಲ್ಕೈದು ಪಟ್ಟು ಗುಣ ದೊರೆಯುತ್ತದೆಯೇ? ಪ್ರಯೋಗಗಳು ಏನು ಹೇಳುತ್ತವೆಂದು ನೋಡೋಣ.

2003ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ 756 ಮಂದಿ ಟೈಪ್ 2 ರೋಗಿಗಳನ್ನು ಎರಡು ಪಾಲು ಮಾಡಿ, ಮಾತ್ರೆಯ ಜೊತೆಗೆ ಒಂದು ಪಾಲಿಗೆ ರಾತ್ರಿ ಗ್ಲಾರ್ಜಿನ್, ಇನ್ನೊಂದು ಪಾಲಿಗೆ ಎನ್‌ಪಿಎಚ್ ಕೊಟ್ಟರು. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಎರಡೂ ಪಾಲಿನವರು ಶೇ. 7ರ ಸಮೀಪಕ್ಕೆ, ಬಹುತೇಕ ಒಂದೇ ಅಂಕಿಗೆ ಬಂದು ನಿಂತರು. ಸಕ್ಕರೆ ಇಳಿಸುವ ಶಕ್ತಿಯಲ್ಲಿ ಭೇದ ಕಾಣಲಿಲ್ಲ. ಆದರೆ ರಾತ್ರಿ ಹೊತ್ತು ಸಕ್ಕರೆ ಅತಿಯಾಗಿ ಇಳಿಯುವುದು, ಅಂದರೆ ಲೋ ಶುಗರ್ ಆಗುವುದು, ಗ್ಲಾರ್ಜಿನ್ ಪಾಲಿನಲ್ಲಿ ಕಡಿಮೆಯಿತ್ತು.

ಪ್ರಯೋಗದಲ್ಲಿ ಸಕ್ಕರೆಯನ್ನು ಬಹಳ ಕೆಳಕ್ಕೆ ತರುವ ಹಟವಿರುತ್ತದೆ. ದಿನನಿತ್ಯದ ಚಿಕಿತ್ಸೆಯಲ್ಲಿ ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇನ್ಸುಲಿನ್ ಹೊಸದಾಗಿ ಆರಂಭಿಸಿದ 25 ಸಾವಿರಕ್ಕೂ ಮಿಕ್ಕಿದ ಟೈಪ್ 2 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಲೋ ಶುಗರ್ ಆಗಿ ಆಸ್ಪತ್ರೆಗೆ ಓಡಬೇಕಾದ ಪ್ರಸಂಗಗಳು ಎನ್‌ಪಿಎಚ್‌ನಲ್ಲಿ ಹೆಚ್ಚೆಂದು ಕಂಡುಬರಲಿಲ್ಲ. 2019ರಲ್ಲಿ ಬಂದ ಮತ್ತೊಂದು ವರದಿ 14 ಸಾವಿರಕ್ಕೂ ಮಿಕ್ಕಿದ ಹಿರಿಯರನ್ನು ಕುರಿತದ್ದು; ಅನಲಾಗ್ ತೆಗೆದುಕೊಳ್ಳುತ್ತಿದ್ದವರನ್ನು ವೈದ್ಯರ ಉಸ್ತುವಾರಿಯಲ್ಲಿ ಹ್ಯೂಮನ್ ಇನ್ಸುಲಿನ್ನಿಗೆ ಬದಲಾಯಿಸಿದಾಗ ಎಚ್‌ಬಿಎ1ಸಿ ಏರಿದ್ದು 0.14 ಅಂಶದಷ್ಟು ಮಾತ್ರ. ಚಿಕಿತ್ಸೆಯ ದೃಷ್ಟಿಯಿಂದ ಇದು ನಗಣ್ಯ.

ಇವೆಲ್ಲ ಪರದೇಶದ ಜನರ ಅಂಕಿಗಳೆಂಬುದು ನಿಜ. ನಮ್ಮ ಅನ್ನದ ಊಟಕ್ಕೆ, ನಮ್ಮ ದುಡಿಮೆಗೆ ತಕ್ಕ ಪ್ರಮಾಣವನ್ನು ನಮ್ಮ ವೈದ್ಯರೇ ಹೊಂದಿಸಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಬಡ ರಾಷ್ಟ್ರಗಳನ್ನು ಗಮನದಲ್ಲಿರಿಸಿ 2018ರಲ್ಲಿ ಕೊಟ್ಟ ಸಲಹೆಯೂ ಇದೇ ದಿಕ್ಕಿನದು: ಇನ್ಸುಲಿನ್ ಬೇಕಾದ ದೊಡ್ಡವರಿಗೆ ಮೊದಲು ಹ್ಯೂಮನ್ ಇನ್ಸುಲಿನ್, ಅದರಲ್ಲಿ ಪದೇ ಪದೇ ತೀವ್ರ ಲೋ ಶುಗರ್ ಆಗುವವರಿಗೆ ದೀರ್ಘಕಾಲದ ಅನಲಾಗ್. 2021ರಲ್ಲಿ ಅದೇ ಸಂಸ್ಥೆ ದೀರ್ಘಕಾಲದ ಅನಲಾಗ್‌ಗಳನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಪಟ್ಟಿಗೆ 2022ರಲ್ಲಿ ಗ್ಲಾರ್ಜಿನ್ ಸೇರಿತು. ಈ ಪಟ್ಟಿಯಲ್ಲಿರುವ ಔಷಧಿಗಳಿಗೆ ಸರ್ಕಾರ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಷ್ಟು ಹಳೆಯದು! ಮೈಸೂರು ಸಂಸ್ಥಾನದಲ್ಲಿ ಕೋಲ್‌ಮನ್ ಸಾಹೇಬರ ಕಾಲದಿಂದ ಬಂದದ್ದು. ಆಮೇಲೆ ಎಷ್ಟೋ ಹೊಸ ಔಷಧಿಗಳು ಬಂದವು. ಆದರೂ ಹದವರಿತು, ಹೊತ್ತಿಗೆ ಸರಿಯಾಗಿ ಸಿಂಪಡಿಸಿದವನ ತೋಟವನ್ನು ಅದು ಇಂದಿಗೂ ಕಾಯುತ್ತಿದೆ. ಹಳೆಯ ಇನ್ಸುಲಿನ್ನಿನ ಮಾತೂ ಹಾಗೆಯೇ.

ದುಬಾರಿಯದು ಯಾರಿಗೆ ತಕ್ಕದ್ದು?

ಹಾಗೆಂದು ಹೊಸ ಇನ್ಸುಲಿನ್ ಹಣ ದಂಡವೆಂದು ನಾವು ಹೇಳುತ್ತಿಲ್ಲ. ಕೆಲವರಿಗೆ ಅದು ಜೀವ ಉಳಿಸುವಂಥದು. ನಡುರಾತ್ರಿ ಬೆವೆತು, ಎದೆ ಹೊಡೆದುಕೊಂಡು ಎಚ್ಚರಗೊಳ್ಳುವವರು, ಸಕ್ಕರೆ ಇಳಿದದ್ದು ತಮಗೇ ತಿಳಿಯದವರು, ಮೂತ್ರಪಿಂಡ ದುರ್ಬಲವಾದವರು, ಮಕ್ಕಳೆಲ್ಲ ದೂರವಿದ್ದು ತೋಟದ ಮನೆಯಲ್ಲಿ ಒಬ್ಬಂಟಿಯಾಗಿರುವ ವೃದ್ಧರು: ಇಂಥವರಿಗೆ ದೀರ್ಘಕಾಲದ ಅನಲಾಗ್ ಬೇಕೇ ಎಂದು ವೈದ್ಯರಲ್ಲಿ ಕೇಳುವುದು ನ್ಯಾಯ. ಹೃದ್ರೋಗದ ಅಪಾಯವುಳ್ಳ 7,637 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲಾರ್ಜಿನ್‌ಗಿಂತಲೂ ಡೆಗ್ಲುಡೆಕ್‌ನಲ್ಲಿ ತೀವ್ರ ಲೋ ಶುಗರ್ ಸುಮಾರು ಶೇ. 40ರಷ್ಟು ಕಡಿಮೆಯೆಂದು ಕಂಡುಬಂತು. ನಿದ್ದೆಯಲ್ಲಿ ಮೂರ್ಛೆ ಹೋಗುವ ಭಯವಿದ್ದಲ್ಲಿ ರೂಪಾಯಿಯ ಲೆಕ್ಕ ಎರಡನೆಯದು.

30/70 ತೆಗೆದುಕೊಳ್ಳುವ ಬೆಳೆಗಾರರಿಗೆ ಒಂದು ವಿಶೇಷ ಮಾತು. ಅದು ಹೊತ್ತಿಗೆ ಸರಿಯಾಗಿ ಉಣ್ಣುವವರಿಗಾಗಿ ಇರುವ ಔಷಧಿ. ಬೆಳಗ್ಗೆ ಚುಚ್ಚಿಕೊಂಡು, ಕಾಫಿ ಕೊಯ್ಲಿನ ಆಳುಗಳ ಹಿಂದೆ ಗುಡ್ಡ ಹತ್ತಿ, ಮಧ್ಯಾಹ್ನದ ಊಟವನ್ನು ಮೂರು ಗಂಟೆಗೆ ತಳ್ಳಿದರೆ ಔಷಧಿ ಕಾಯುವುದಿಲ್ಲ. ಕೊಯ್ಲಿನ ಮತ್ತು ಅಡಿಕೆ ಸುಲಿತದ ದಿನಗಳಲ್ಲಿ ತಮ್ಮ ದುಡಿಮೆ ಬೇರೆಯಾಗುವುದೆಂದು ವೈದ್ಯರಿಗೆ ಮುಂಚಿತವಾಗಿ ತಿಳಿಸಿ ಪ್ರಮಾಣವನ್ನು ಕೇಳಿಕೊಂಡಿರತಕ್ಕದ್ದು. ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಸದಾ ಇರಲಿ. ಕೈ ನಡುಕ, ಬೆವರು, ತಲೆ ಸುತ್ತು ಕಂಡೊಡನೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಬಳಿಕ ಊಟ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

40 ಮತ್ತು 100: ಜೀವದ ಪ್ರಶ್ನೆ

ಸೀಸೆಯಿಂದ ಪೆನ್ನಿಗೆ, ಪೆನ್ನಿನಿಂದ ಸೀಸೆಗೆ ಬದಲಾಗುವವರು ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರುತ್ತೇವೆ. ಮಿಲಿಗೆ 40 ಯೂನಿಟ್ ಇರುವ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ, ಒಳಗೆ ಬರುವುದು ಅರ್ಧ ಮಿಲಿ, ಅಂದರೆ 20 ಅಲ್ಲ, 50 ಯೂನಿಟ್! ಎರಡೂವರೆ ಪಟ್ಟು. ಇದರಿಂದ ಪ್ರಾಣಾಪಾಯವುಂಟು. ತದ್ವಿರುದ್ಧವಾಗಿ, 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ದೊರೆಯುವುದು ಬರೀ 8 ಯೂನಿಟ್. ಔಷಧಿ ನಾಟಲಿಲ್ಲವೆಂದು ಕೊರಗುವುದು ಮಾತ್ರ. ಕೆಲವು ಸೀಸೆಗಳೂ 100ರವೇ ಆಗಿರುತ್ತವೆ. ಮಿಲಿಗೆ 300 ಯೂನಿಟ್ ಇರುವ ಪೆನ್ನುಗಳೂ ಬಂದಿವೆ. ಪೆನ್ನಿನ ಔಷಧಿಯನ್ನು ಸಿರಿಂಜಿನಿಂದ ಎಳೆಯಲೇಕೂಡದು. ಅಂಗಡಿಯಲ್ಲಿ ಸೀಸೆ ಮತ್ತು ಸಿರಿಂಜ್ ಎರಡನ್ನೂ ಅಕ್ಕಪಕ್ಕ ಇಟ್ಟು ಅಂಕಿ ತಾಳೆ ನೋಡಿಯೇ ಹಣ ಕೊಡಿ.

ಅಂತೆಯೇ, ಒಂದು ಬಗೆಯ 30 ಯೂನಿಟ್ ಮತ್ತೊಂದು ಬಗೆಯ 30 ಯೂನಿಟ್ಟಿಗೆ ಸಮವೆಂದು ಭಾವಿಸಬೇಡಿ. ಬದಲಾಯಿಸುವಾಗ ವೈದ್ಯರು ಅನೇಕ ವೇಳೆ ಪ್ರಮಾಣವನ್ನು ಐದರಲ್ಲಿ ಒಂದು ಪಾಲು ಇಳಿಸಿ ಆರಂಭಿಸಿ, ಕೆಲವು ದಿನ ಪರೀಕ್ಷೆ ಮಾಡಿಸಿ ಹೊಂದಿಸುತ್ತಾರೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ತೋಟದ ಮನೆಯಲ್ಲಿ ಜೋಪಾನ

ತೆರೆಯದ ಸೀಸೆ ಫ್ರಿಜ್ಜಿನ ಮಧ್ಯದ ತಟ್ಟೆಯಲ್ಲಿರಲಿ. ಮಂಜುಗಟ್ಟುವ ಪೆಟ್ಟಿಗೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಹೋಗುವ ಕಡೆ, ಫ್ರಿಜ್ ಇಲ್ಲದ ಕಡೆ, ಸೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ತಂಪಾದ ಮೂಲೆಯಲ್ಲಿ ಇಡುವ ಪದ್ಧತಿ ಉಪಯುಕ್ತ. ಬೆಂಗಳೂರಿನಿಂದ ಬರುವಾಗ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಔಷಧಿ ಬಿಟ್ಟು ಹೋಗಬೇಡಿ. ಮಸುಕಾದ ಇನ್ಸುಲಿನ್ನನ್ನು ಅಂಗೈಗಳ ನಡುವೆ ಮೆಲ್ಲನೆ ಹತ್ತಿಪ್ಪತ್ತು ಸಲ ಉರುಳಿಸಿಯೇ ಎಳೆಯಬೇಕು. ಹಾಗೆ ಮಾಡದಿದ್ದರೆ ಒಂದು ದಿನ ನೀರು, ಒಂದು ದಿನ ಗಷ್ಟು ಬಂದಂತೆ ಸಕ್ಕರೆಯೂ ಏರಿಳಿಯುತ್ತದೆ. ಒಂದೇ ಜಾಗಕ್ಕೆ ಚುಚ್ಚಿ ಗಂಟಾದಲ್ಲಿ ಔಷಧಿ ಸರಿಯಾಗಿ ಹೀರುವುದಿಲ್ಲ, ಜಾಗ ಬದಲಾಯಿಸುತ್ತಿರಿ. ಬಳಸಿದ ಸೂಜಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಬರಿಗಾಲಿನ ಆಳಿಗೆ ಚುಚ್ಚೀತು. ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಕೊಡಿ.

ಎಷ್ಟೋ ಸಲ ಅಗ್ಗದ ಇನ್ಸುಲಿನ್ ನಾಟಲಿಲ್ಲವೆಂಬ ದೂರಿನ ಬುಡದಲ್ಲಿರುವುದು ಇಂಥ ಕಾರಣಗಳೇ. ಅವುಗಳನ್ನು ಸರಿಪಡಿಸಲು ಖರ್ಚಿಲ್ಲ.

ವೈದ್ಯರಲ್ಲಿ ಏನನ್ನು ಕೇಳಬೇಕು?

ಹೇರೋಹಳ್ಳಿಯಲ್ಲಾಗಲಿ ಹೋಬಳಿ ಪೇಟೆಯಲ್ಲಾಗಲಿ ವೈದ್ಯರ ಮುಂದೆ ಕುಳಿತಾಗ ಸಂಕೋಚ ಬೇಡ. ಕೈಗೆಟಕುವ ಬೆಲೆ ಎಷ್ಟೆಂದು ಮೊದಲೇ ಹೇಳಿರಿ. ನನಗೆ ಹ್ಯೂಮನ್ ಇನ್ಸುಲಿನ್ ಸಾಲದೇ, ಸಾಲದಿದ್ದರೆ ಯಾಕೆ, ಬರೆದುಕೊಟ್ಟದ್ದು ನಮ್ಮೂರಲ್ಲಿ ಸಿಗದಿದ್ದರೆ ಬದಲಿಗೆ ಯಾವುದು, ಎಷ್ಟು ಯೂನಿಟ್ ಎಂದು ಕೇಳಿ ಚೀಟಿಯಲ್ಲಿಯೇ ಬರೆಸಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿಯೂ ತಾಲ್ಲೂಕು ಸರ್ಕಾರಿ ಆಸ್ಪತ್ರೆಯ ಸಕ್ಕರೆ ಖಾಯಿಲೆ ವಿಭಾಗದಲ್ಲಿಯೂ ವಿಚಾರಿಸಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮರುಜೀವ ಪಡೆದ ಯಶಸ್ವಿನಿ ಯೋಜನೆ ಆಸ್ಪತ್ರೆ ಸೇರಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯಂಥ ವೆಚ್ಚಕ್ಕೆ ನೆರವಾಗುತ್ತದೆ. ಮನೆಯಲ್ಲಿ ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ನಿಗಲ್ಲ. ಆ ಖರ್ಚನ್ನು ಮನೆಯ ಲೆಕ್ಕದಲ್ಲಿಯೇ ಹಿಡಿಯಬೇಕು.

ಬೆಂಗಳೂರಿನಲ್ಲಿರುವ ಮಕ್ಕಳಿಗೂ ಒಂದು ಮಾತು. ತಂದೆತಾಯಿಗೆ ಉತ್ತಮವಾದದ್ದನ್ನು ಕೊಡಿಸುವ ಆಸೆ ಸಹಜವೇ. ಆದರೆ ಅವರು ಊರಿಗೆ ಮರಳಿದ ಮೇಲೆ ತಿಂಗಳು ತಿಂಗಳೂ ತಪ್ಪದೆ ಸಿಗುವಂಥದನ್ನು, ತಾವಾಗಿಯೇ ಸರಿಯಾಗಿ ಚುಚ್ಚಿಕೊಳ್ಳಲು ಬರುವಂಥದನ್ನು ಆರಿಸುವುದು ಹೆಚ್ಚಿನ ಉಪಕಾರ. ದುಬಾರಿ ಇನ್ಸುಲಿನ್ನನ್ನು ಮೂರು ತಿಂಗಳು ತೆಗೆದುಕೊಂಡು ಮೂರು ತಿಂಗಳು ಬಿಟ್ಟವನಿಗಿಂತ, ಸಾಧಾರಣವಾದದ್ದನ್ನು ವರ್ಷವಿಡೀ ಬಿಡದೆ ತೆಗೆದುಕೊಂಡವನ ಕಣ್ಣು, ಕಾಲು, ಮೂತ್ರಪಿಂಡಗಳು ಸುರಕ್ಷಿತ.

ಯಾವ ಸದಸ್ಯರೂ ಈ ಲೇಖನವನ್ನು ಓದಿ ತಾವಾಗಿಯೇ ಔಷಧಿ ಬದಲಾಯಿಸಬಾರದೆಂದು ಮತ್ತೊಮ್ಮೆ ತಿಳಿಸುತ್ತೇವೆ. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಬಳಸುತ್ತಿರುವ ಸೀಸೆ, ಸಿರಿಂಜ್ ಮತ್ತು ತಿಂಗಳ ಔಷಧಿ ಬಿಲ್ಲು, ಈ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ.